ದೌಂಡದಿಂದ ಸಹ್ಯಾದ್ರಿಯ ಹಿನ್ನೀರಿಗೆ: ಯಾವ ದಂಡೆಯಲ್ಲಿ ತಂಗುವುದು?

ದೌಂಡದಿಂದ ಸಹ್ಯಾದ್ರಿಯ ಕಡೆ ರಜೆ ಕಳೆಯಲು ಹೊರಡುವವರು ಕೆರೆ ಎಂದು ಕರೆಯುವ ನೀರೆಲ್ಲ ಬಹುಪಾಲು ಅಣೆಕಟ್ಟಿನ ಹಿನ್ನೀರು. ಪವನಾ, ಮುಳಶಿ, ಪಾನಶೇತ, ವರಸಗಾಂವ, ಭಾಟಘರ, ಭಂಡಾರದರಾ, ತಾಪೋಳಾದ ಶಿವಸಾಗರ (ಕೊಯ್ನಾದ ಹಿನ್ನೀರು) ಎಲ್ಲವೂ ನದಿಗೆ ಗೋಡೆ ಕಟ್ಟಿ ನಿಲ್ಲಿಸಿದ ನೀರೇ. ಮಹಾಬಳೇಶ್ವರದ ವೇಣ್ಣಾ ಕೆರೆ ಕೂಡ 1842ರಲ್ಲಿ ಸಾತಾರಾದ ಅಪ್ಪಾಸಾಹೇಬ ಮಹಾರಾಜರು ಕಟ್ಟಿಸಿದ್ದು. ನೈನಿತಾಲದಂತೆ ತಾನಾಗಿಯೇ ಆದ ದೊಡ್ಡ ಕೆರೆ ಈ ಭಾಗದಲ್ಲಿ ಇಲ್ಲವೆಂದೇ ಹೇಳಬೇಕು. ತಂಗುವ ಜಾಗದ ಲೆಕ್ಕಾಚಾರ ಶುರುವಾಗುವುದು ಇಲ್ಲಿಂದ. ತಾನಾಗಿ ಆದ ಕೆರೆಯ ದಂಡೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ. ಹಿನ್ನೀರಿನ ದಂಡೆ ತಿಂಗಳು ತಿಂಗಳಿಗೂ ಜಾಗ ಬಿಡುತ್ತ ಹೋಗುತ್ತದೆ. ಶರಾವತಿ ಹಿನ್ನೀರಿನ ಹೊನ್ನೆಮರಡನ್ನು ಮಳೆಗಾಲ ಮುಗಿದಾಗ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಈ ಜಲಾಶಯಗಳು ಏರತೊಡಗುತ್ತವೆ. ಸಾಮಾನ್ಯ ವರ್ಷದಲ್ಲಿ ಆಗಸ್ಟ್ ಮುಗಿಯುವುದರೊಳಗೆ ಬಹುತೇಕ ತುಂಬುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೀರು ಅಂಚಿಗೆ ತಾಗಿ ನಿಂತಿರುತ್ತದೆ. ಹಿಂಗಾರಿಗೆ ಕಾಲುವೆ ಬಿಟ್ಟ ಮೇಲೆ ಇಳಿತ ಶುರು, ಬೇಸಿಗೆಯ ಸರದಿ ಬಂತೆಂದರೆ ಅದು ಜೋರಾಗುತ್ತದೆ. ಇದರಲ್ಲಿ ದೌಂಡದ ಪಾಲೂ ಇದೆ. ಪಾನಶೇತ, ವರಸಗಾಂವ, ಟೇಮಘರಗಳ ನೀರು ಖಡಕವಾಸಲಾಕ್ಕೆ ಇಳಿದು, ಅಲ್ಲಿಂದ ಮುಠಾ ಬಲದಂಡೆ ಕಾಲುವೆಯಲ್ಲಿ ಹವೇಲಿ, ದೌಂಡ, ಇಂದಾಪುರ ತಾಲೂಕುಗಳ ಹೊಲಗಳಿಗೆ ಬರುತ್ತದೆ. ದೌಂಡದ ಕಬ್ಬಿಗೆ ಕಾಲುವೆ ನೀರು ಹರಿದ ವಾರವೇ ಪಾನಶೇತದ ರೆಸಾರ್ಟಿನ ಮುಂದಿನ ನೀರು ಹಿಂದೆ ಸರಿದಿರುತ್ತದೆ. ಮುಳಶಿಯ ಕಥೆ ಬೇರೆ. ಅದು ಟಾಟಾ ಕಂಪನಿಯ ವಿದ್ಯುತ್ ಯೋಜನೆಯ ಅಣೆಕಟ್ಟು. ಪೂರ್ವಕ್ಕೆ ಹರಿದು ಭೀಮೆ ಸೇರಬೇಕಾದ ಮುಳಾ ನದಿಯ ನೀರನ್ನು ಘಟ್ಟದ ಪಶ್ಚಿಮಕ್ಕೆ ಧುಮುಕಿಸಿ, ಕೊಂಕಣದ ಭೀರಾದಲ್ಲಿ ವಿದ್ಯುತ್ ತೆಗೆಯುತ್ತಾರೆ. ಅಲ್ಲಿ ನೀರಿನ ಮಟ್ಟ ಹೊಲದ ಸರದಿಯನ್ನು ನೋಡುವುದಿಲ್ಲ, ಮುಂಬೈ ಕಡೆಯ ವಿದ್ಯುತ್ ಬೇಡಿಕೆಯನ್ನು ನೋಡುತ್ತದೆ.

ಹಾಗಾಗಿ ಕೋಣೆಯ ಚಿತ್ರ ನೋಡುವ ಮೊದಲು ನೋಡಬೇಕಾದದ್ದು ಜಲಾಶಯದ ಸಂಗ್ರಹದ ಅಂಕಿ. ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ಇದನ್ನು ನಿತ್ಯ ಕೊಡುತ್ತದೆ, ಪುಣೆಯ ಮರಾಠಿ ಪತ್ರಿಕೆಗಳು ಮಳೆಗಾಲದಲ್ಲಿ ತಪ್ಪದೆ ಅಚ್ಚು ಹಾಕುತ್ತವೆ. ಟೇಮಘರ 3.71, ವರಸಗಾಂವ 12.82, ಪಾನಶೇತ 10.65, ಖಡಕವಾಸಲಾ 1.97, ಪವನಾ 8.51, ಭಂಡಾರದರಾ 11.04, ಕೊಯ್ನಾ 105.25 ಟಿಎಂಸಿ ತುಂಬು ಸಾಮರ್ಥ್ಯದವು. ಪುಟ್ಟ ಖಡಕವಾಸಲಾಕ್ಕೆ ಮೇಲಿನ ಮೂರರಿಂದ ನೀರು ಇಳಿಯುತ್ತಲೇ ಇರುವುದರಿಂದ ಬೇಸಿಗೆಯಲ್ಲೂ ಅದರಲ್ಲಿ ಕಣ್ಣಿಗೆ ಕಾಣುವಷ್ಟು ನೀರಿರುತ್ತದೆ. ಖಾಲಿಯಾಗುವ ಸರದಿ ಮೇಲಿನವುಗಳದ್ದು. ಆದರೆ ಖಡಕವಾಸಲಾ ಪುಣೆ ಊರಿಗೆ ತೀರ ಹತ್ತಿರ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇರುವುದೂ ಅದರ ದಂಡೆಯಲ್ಲೇ. ಸಂಜೆ ಹೋಗಿ ಜೋಳದ ತೆನೆ ತಿಂದು ಬರುವ ಜಾಗವದು, ತಂಗುವ ಜಾಗವಲ್ಲ.

ಅದೇ ಜಲಾಶಯದ ಸುತ್ತ ಎಲ್ಲಿ ತಂಗಬೇಕು ಎಂಬುದಕ್ಕೂ ಸಂಗ್ರಹದ ಅಂಕಿಗೂ ನಂಟಿದೆ. ಹಿನ್ನೀರು ಅಣೆಕಟ್ಟಿನ ಗೋಡೆಯ ಬಳಿ ಆಳ, ನದಿ ಬಂದು ಸೇರುವ ಬಾಲದ ತುದಿಯಲ್ಲಿ ತೆಳು. ನೀರು ಇಳಿಯುವಾಗ ಮೊದಲು ಒಣಗುವುದು ಬಾಲ. ಭಂಡಾರದರಾದಲ್ಲಿ ಶೇಂಡಿ ಊರು ಗೋಡೆಗೆ ಹತ್ತಿರ, ಅಮೃತೇಶ್ವರ ಗುಡಿಯ ರತನವಾಡಿ ಬಾಲದ ಕಡೆ. ಅಕ್ಟೋಬರ್‌ನಲ್ಲಿ ಎರಡೂ ಕಡೆ ನೀರುಂಟು. ಏಪ್ರಿಲ್ ಹೊತ್ತಿಗೆ ಶೇಂಡಿಯಲ್ಲಿ ಮಾತ್ರ ಉಳಿದಿರುತ್ತದೆ. ಕೊಯ್ನಾದ ಗೋಡೆ ಇರುವುದು ದಕ್ಷಿಣದ ಕೊಯ್ನಾನಗರದಲ್ಲಿ. ತಾಪೋಳಾ ಉತ್ತರದ ತುದಿಯಲ್ಲಿದೆ, ಆದ್ದರಿಂದ ಅಷ್ಟು ದೊಡ್ಡ ಜಲಾಶಯವಾದರೂ ಬೇಸಿಗೆ ಕೊನೆಯಲ್ಲಿ ತಾಪೋಳಾದ ದಂಡೆಯಿಂದ ನೀರು ದೂರ ಹೋಗಿರುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ಮೋಸ ತಪ್ಪುತ್ತದೆ.

ನೀರು ಇಳಿದ ದಂಡೆ ಹೇಗಿರುತ್ತದೆ ಎಂಬುದನ್ನು ಜಾಹೀರಾತಿನಲ್ಲಿ ಯಾರೂ ತೋರಿಸುವುದಿಲ್ಲ. ಹಸಿರು ಮುಗಿದಲ್ಲಿಂದ ಕೆಂಪು ಮಣ್ಣಿನ ಪಟ್ಟಿ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ನಿಂತು ಹೋದ ಗೆರೆಗಳು, ಇನ್ನೂ ಕೆಳಗೆ ಬಿರುಕು ಬಿಟ್ಟ ಕಪ್ಪು ಕೆಸರು. ಆ ಕೆಸರು ಮೇಲೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಮೊಣಕಾಲಿನವರೆಗೆ ಇಳಿಯುವುದುಂಟು. ಅಲ್ಲಲ್ಲಿ ಮುಳುಗಿದ ಹಳ್ಳಿಯ ಬೇಲಿಗಲ್ಲು, ಮರದ ಬೊಡ್ಡೆ. ಪವನಾದಲ್ಲಿ ವಾಘೇಶ್ವರನ ಗುಡಿ ಬೇಸಿಗೆಯಲ್ಲಿ ಹೊರಬರುತ್ತದೆ, ಉಜನಿಯ ಹಿನ್ನೀರಿನಲ್ಲಿ ಪಳಸದೇವದ ಹಳೆಯ ಗುಡಿಯೂ ಹಾಗೆಯೇ. ಗುಡಿ ನೋಡಲೆಂದೇ ಮೇ ತಿಂಗಳಲ್ಲಿ ಹೋಗುವವರಿದ್ದಾರೆ, ಅವರ ಆಯ್ಕೆ ಸರಿಯಾದದ್ದೇ. ಮಕ್ಕಳಿಗೆ ದೋಣಿ ಹತ್ತಿಸುವ ಆಸೆಯಿಂದ ಹೋದವರಿಗೆ ಮಾತ್ರ ನಿರಾಸೆ.

ಸೆಕೆ ತಪ್ಪಿಸಿಕೊಳ್ಳಲು ಹೋಗುವವರು ಎತ್ತರವನ್ನು ಕೇಳಬೇಕು, ನೀರನ್ನಲ್ಲ. ದೌಂಡ ಸಮುದ್ರಮಟ್ಟದಿಂದ 500 ಮೀಟರ್‌ಗಿಂತ ತುಸು ಮೇಲಿದೆ. ಪವನಾ, ಲೋಣಾವಳಾ 600ರ ಆಸುಪಾಸು. ಕೊಯ್ನಾ ತುಂಬಿದಾಗ ನೀರಿನ ಮಟ್ಟ ಸುಮಾರು 660 ಮೀಟರ್, ಅಂದರೆ ತಾಪೋಳಾದ ದಂಡೆಯೂ ಅಷ್ಟೇ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪು ಎಂಬ ಲೆಕ್ಕದಲ್ಲಿ, ಈ ನೂರೈವತ್ತು ಮೀಟರ್‌ಗೆ ಸಿಗುವುದು ಒಂದು ಡಿಗ್ರಿಯೂ ಅಲ್ಲ. ಮೇ ತಿಂಗಳ ಮಧ್ಯಾಹ್ನ ಪವನಾ ದಂಡೆಯ ಟೆಂಟಿನೊಳಗೆ ಕೂತರೆ ದೌಂಡದ ಮನೆಯೇ ವಾಸಿ ಅನ್ನಿಸೀತು. ಬೇಸಿಗೆಗೆ ನಿಜವಾದ ತಂಪು ಕೊಡುವುದು 1,350 ಮೀಟರ್ ದಾಟಿದ ಮಹಾಬಳೇಶ್ವರ ಮಾತ್ರ. ಅಲ್ಲಿನ ಕೆರೆ ಸಣ್ಣದು, ದಂಡೆಯಲ್ಲಿ ಕುದುರೆ, ದೋಣಿ, ಹುರಿದ ಜೋಳದ ಗದ್ದಲ. ಕೆರೆಯಂಚಿನ ಕೋಣೆಗೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಊರೊಳಗೋ ಪಾಂಚಗಣಿ ರಸ್ತೆಯಲ್ಲೋ ತಂಗಿ, ಬೆಳಿಗ್ಗೆ ಜನ ಸೇರುವ ಮೊದಲು ಕೆರೆಗೆ ಹೋಗಿಬಂದರೆ ಸಾಕು. ಚಳಿಗಾಲದಲ್ಲಿ ಇದೇ ವೇಣ್ಣಾದ ಸುತ್ತ ಕೆಲವು ಬೆಳಗು ಇಬ್ಬನಿ ಹೆಪ್ಪುಗಟ್ಟುತ್ತದೆ. ವಯಸ್ಸಾದವರು ಜೊತೆಗಿದ್ದರೆ ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳದೆ ಮುಂಗಡ ಕೊಡಬಾರದು. ಸೌರ ಹೀಟರ್ ಇರುವ ಕಡೆ ಬೆಳಿಗ್ಗೆ ಬಿಸಿನೀರು ಬೇಗ ಮುಗಿದುಹೋಗುತ್ತದೆ.

ಮಳೆಗಾಲದ ಲೆಕ್ಕ ಇದಕ್ಕೆ ತಿರುವುಮುರುವು. ದೌಂಡದಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರ್ ಆಸುಪಾಸು. ಮಹಾಬಳೇಶ್ವರದಲ್ಲಿ 5,000 ಮೀರುತ್ತದೆ, ಅದರಲ್ಲಿ ಬಹುಪಾಲು ಜುಲೈ, ಆಗಸ್ಟ್ ಎರಡೇ ತಿಂಗಳಲ್ಲಿ. ಬಯಲುಸೀಮೆಯವರಿಗೆ ಈ ಮಳೆಯ ಅಂದಾಜು ಇರುವುದಿಲ್ಲ. ಮಂಜು ಕವಿದರೆ ಇಡೀ ದಿನ ಕೆರೆಯೇ ಕಾಣದು. ಬಟ್ಟೆ ಒಣಗುವುದಿಲ್ಲ, ಹಾಸಿಗೆ ತಣ್ಣಗೆ ಹಸಿ ವಾಸನೆ ಹೊಡೆಯುತ್ತದೆ, ವಿದ್ಯುತ್ ಹೋದರೆ ಯಾವಾಗ ಬಂದೀತೆಂದು ಹೇಳಲಾಗದು. ಗಾಳಿ ಪಶ್ಚಿಮದಿಂದ ಬೀಸುವುದರಿಂದ ಪಶ್ಚಿಮಕ್ಕೆ ಮುಖ ಮಾಡಿದ, ಅಂದರೆ ಕೆರೆಯ ಪೂರ್ವ ದಂಡೆಯ ಜಗುಲಿಗಳಿಗೆ ಇರಚಲು ನೇರ ಬಡಿಯುತ್ತದೆ. ಅದೇ ಜಗುಲಿ ನವೆಂಬರ್‌ನಲ್ಲಿ ಅತ್ಯುತ್ತಮ, ಏಕೆಂದರೆ ನೀರಿನಾಚೆ ಬೆಟ್ಟದ ಹಿಂದೆ ಸೂರ್ಯ ಇಳಿಯುವುದು ಅಲ್ಲಿಂದಲೇ ಕಾಣುತ್ತದೆ. ಒಂದೇ ಕೋಣೆ ಒಂದು ತಿಂಗಳು ಚೆನ್ನ, ಇನ್ನೊಂದು ತಿಂಗಳು ಕೆಡುಕು.

ಮಳೆಗಾಲದಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ಕಟ್ಟಡದ ಹಿಂದಿನ ಗುಡ್ಡ. 2014ರ ಜುಲೈ 30ರಂದು ಅಂಬೇಗಾಂವ ತಾಲೂಕಿನ ಮಾಳೀಣ ಹಳ್ಳಿಯ ಮೇಲೆ ಗುಡ್ಡ ಜರಿದು 150ಕ್ಕೂ ಹೆಚ್ಚು ಜನ ಸತ್ತರು. ಅದು ಡಿಂಭೆ ಜಲಾಶಯದ ಆಸುಪಾಸಿನ ಹಳ್ಳಿ. ಒಳ್ಳೆಯ ನೋಟಕ್ಕೆಂದು ಗುಡ್ಡದ ಪಕ್ಕೆಯನ್ನು ಜೆಸಿಬಿಯಿಂದ ಕಡಿದು ಎಬ್ಬಿಸಿದ ಕಟ್ಟಡಗಳು ಈಗ ಎಲ್ಲ ಕೆರೆಗಳ ಸುತ್ತಲೂ ಇವೆ. ಹಿಂದೆ ಹಸಿಮಣ್ಣಿನ ಕಡಿದಾದ ಗೋಡೆ ಇದ್ದರೆ, ಎಷ್ಟೇ ಅಗ್ಗವಾದರೂ ಜುಲೈನಲ್ಲಿ ಅಲ್ಲಿ ಮಲಗಬಾರದು. ನೀರಿನ ಹತ್ತಿರದ ಅಪಾಯವೂ ಸಣ್ಣದಲ್ಲ. ಲೋಣಾವಳಾದ ಭುಶಿ ಅಣೆಕಟ್ಟಿನ ಬಳಿ 2024ರ ಜೂನ್ 30ರಂದು ಒಂದೇ ಕುಟುಂಬದ ಐವರು ಝರಿಯಲ್ಲಿ ಕೊಚ್ಚಿಹೋದ ಮೇಲೆ ಪುಣೆ ಜಿಲ್ಲಾಡಳಿತ ಮಳೆಗಾಲದಲ್ಲಿ ಜಲಪಾತ, ಅಣೆಕಟ್ಟುಗಳ ಬಳಿ ನಿರ್ಬಂಧ ಹೇರಿತು. ನಿಷೇಧಾಜ್ಞೆ ಇರುವ ದಿನ ಕೋಣೆ ಸಿಕ್ಕರೂ ನೀರಿಗೆ ಹೋಗುವಂತಿಲ್ಲ. ಆ ವಾರದ ಆದೇಶ ಏನಿದೆ ಎಂದು ವಿಚಾರಿಸಿಯೇ ಹೊರಡಬೇಕು.

ಇನ್ನು ಹಾದಿಯ ಮಾತು. ದೌಂಡಕ್ಕೆ ಪುಣೆ ರೈಲಿನಲ್ಲಿ ಹತ್ತಿರ, ರಸ್ತೆಯಲ್ಲಿ ದೂರ. ಹಡಪಸರದಿಂದ ಸಿಂಹಗಡ ರಸ್ತೆಯವರೆಗೆ ಊರು ದಾಟುವಷ್ಟರಲ್ಲಿ ಶನಿವಾರದ ಅರ್ಧ ಬೆಳಗು ಹೋಗಿರುತ್ತದೆ. ಆದ್ದರಿಂದ ಪಾನಶೇತ, ವರಸಗಾಂವ ನಕ್ಷೆಯಲ್ಲಿ ಹತ್ತಿರ ಕಂಡರೂ ಒಂದೇ ರಾತ್ರಿಗೆ ಹೋಗುವವರು ಶುಕ್ರವಾರ ಸಂಜೆಯ ಬದಲು ಶನಿವಾರ ನಸುಕಿನಲ್ಲಿ ಹೊರಡುವುದು ಮೇಲು. ಪವನಾಕ್ಕೆ ರೈಲೇ ಸರಿ. ದೌಂಡದಿಂದ ಪುಣೆ, ಅಲ್ಲಿಂದ ಲೋಣಾವಳಾ ಲೋಕಲ್ ಹಿಡಿದು ಕಾಮಶೇತದಲ್ಲಿ ಇಳಿದರೆ ಮುಂದೆ ಬಾಡಿಗೆ ಗಾಡಿಯಲ್ಲಿ ಪವನಾನಗರ. ಕಲಬುರಗಿ, ಸೊಲ್ಲಾಪುರ ಕಡೆಯಿಂದ ಬರುವ ನೆಂಟರಿದ್ದರೆ ಅವರೂ ದೌಂಡದಲ್ಲಿ ಕೂಡಿಕೊಳ್ಳಬಹುದು. ಮಹಾಬಳೇಶ್ವರ, ತಾಪೋಳಾಕ್ಕೆ ಪುಣೆಗೆ ಹೋಗಲೇಬೇಕಿಲ್ಲ. ಬಾರಾಮತಿ, ಫಲಟಣದ ಮೇಲೆ ಸಾತಾರಾ ಸೇರುವ ದಾರಿಯಲ್ಲಿ ಗಾಡಿಗಳ ಕಾಟ ಕಡಿಮೆ. ಭಂಡಾರದರಾ ಸುಮಾರು 200 ಕಿಲೋಮೀಟರ್. ಹತ್ತಿರದ ರೈಲು ನಿಲ್ದಾಣ ಮುಂಬೈ-ನಾಸಿಕ ಮಾರ್ಗದ ಇಗತಪುರಿ ಕಡೆ ಇರುವುದರಿಂದ ದೌಂಡದವರಿಗೆ ಆ ರೈಲು ಸುತ್ತುದಾರಿ. ಎಸ್‌ಟಿ ಬಸ್ಸಿನಲ್ಲಿ ಹೋಗುವವರಿಗೆ ಒಂದು ಅನುಕೂಲವಿದೆ: 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ಟಿಕೆಟ್. ಆದರೆ ಕೊನೆಯ ಬಸ್ಸಿನ ಹೊತ್ತು ಗೊತ್ತಿರಬೇಕು. ಹಿನ್ನೀರಿನ ಹಳ್ಳಿಗಳಿಗೆ ಸಂಜೆಯ ಮೇಲೆ ಬಸ್ಸು ಸಿಗುವುದು ಅಪರೂಪ.

ಸೂರಿನ ವಿಷಯದಲ್ಲಿ ನಾಲ್ಕು ಬಗೆಯ ಆಯ್ಕೆಗಳಿವೆ. ಮೊದಲನೆಯದು 1975ರಲ್ಲಿ ಶುರುವಾದ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ, ಜನರ ಬಾಯಲ್ಲಿ ಎಂಟಿಡಿಸಿಯ, ವಸತಿಗೃಹಗಳು. ಭಂಡಾರದರಾ, ಪಾನಶೇತ, ಕಾರ್ಲಾ, ಮಹಾಬಳೇಶ್ವರ, ಕೊಯ್ನಾನಗರ, ಮಾಳಶೇಜ ಘಾಟಗಳಲ್ಲಿ ಇವೆ. ಸರ್ಕಾರಿ ಕಟ್ಟಡಗಳಿಗೆ ಸಿಕ್ಕ ಜಾಗ ಖಾಸಗಿಯವರಿಗೆ ಸಿಗದು. ಭಂಡಾರದರಾದಲ್ಲಂತೂ ಎಂಟಿಡಿಸಿ ಇರುವ ದಂಡೆಯೇ ಅತ್ಯುತ್ತಮ. ಕೋಣೆಗಳು ಹಳೆಯವು, ಊಟ ಸಾದಾ, ನಲ್ಲಿ ಒಂದೊಂದು ಸೋರುತ್ತಿರುತ್ತದೆ. ಜಾಗ ಮುಖ್ಯ ಅನ್ನುವವರಿಗೆ ಇದೇ ಸರಿ, ಹಾಸಿಗೆ ಮುಖ್ಯ ಅನ್ನುವವರು ಬೇರೆ ಕಡೆ ನೋಡುವುದು ಒಳ್ಳೆಯದು. ದೀಪಾವಳಿ, ಕ್ರಿಸ್‌ಮಸ್ ರಜೆಗೆ ಬಹಳ ಮುಂಚೆಯೇ ಕಾದಿರಿಸಬೇಕಾಗುತ್ತದೆ.

ಎರಡನೆಯದು ಹಳ್ಳಿಯ ಮನೆಗಳು. ತಾಪೋಳಾ, ಬಾಮಣೋಲಿ, ಶೇಂಡಿ, ರತನವಾಡಿ, ಭೋರ ಕಡೆಯ ಊರುಗಳಲ್ಲಿ ‘ಘರಗುತಿ ಜೇವಣ’ (ಮನೆಯೂಟ) ಎಂಬ ಬೋರ್ಡು ಕಂಡಲ್ಲಿ ಹೆಚ್ಚಾಗಿ ಒಂದೆರಡು ಕೋಣೆಯೂ ಇರುತ್ತದೆ. ಬೆಳಿಗ್ಗೆ ಪೋಹೆ, ರಾತ್ರಿ ಪಿಠಲೆ, ನಾಚಣಿ ಭಾಕರಿ, ಠೇಚಾ. ಮಾವಳದ ಕಡೆಯಾದರೆ ಇಂದ್ರಾಯಣಿ ಅಕ್ಕಿಯ ಮೆತ್ತನೆ ಅನ್ನ. ನಾಚಣಿ ಎಂದರೆ ನಮ್ಮ ರಾಗಿಯೇ. ಒಲೆಯ ಬೂದಿ ಅಂಟಿದ ಆ ರೊಟ್ಟಿ ದೌಂಡದ ಜೋಳದ ಭಾಕರಿಗಿಂತ ದಪ್ಪ, ಬಿಸಿ ಇರುವಾಗಲೇ ಮುಗಿಸಬೇಕು. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿ ತಂದು ಇಂಥ ಮನೆ-ತೋಟಗಳ ನೋಂದಣಿಗೆ ದಾರಿ ಮಾಡಿದೆ. ನೋಂದಾಯಿಸಿದವರು ಪ್ರಮಾಣಪತ್ರ ತೋರಿಸಬಲ್ಲರು. ಸಣ್ಣ ಮಕ್ಕಳಿರುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ತಂಗುದಾಣ ಸಿಗುವುದು ಕಷ್ಟ. ಕೇಳಲೇಬೇಕಾದ ಪ್ರಶ್ನೆ ಒಂದೇ: ಶೌಚಾಲಯ ಕೋಣೆಗೆ ಸೇರಿದೆಯೋ, ಅಂಗಳದಾಚೆ ಇದೆಯೋ. ಈ ಮನೆಗಳಲ್ಲಿ ಎಷ್ಟೋ ಅಣೆಕಟ್ಟಿಗೆ ಹೊಲ ಕಳೆದುಕೊಂಡವರವು ಎಂಬುದನ್ನೂ ಅತಿಥಿಗಳು ಅರಿತಿರುವುದು ಲೇಸು. ಮುಳಶಿಯ ರೈತರು 1921ರಲ್ಲೇ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹಕ್ಕೆ ಇಳಿದಿದ್ದರು. ಅದನ್ನು ಮುನ್ನಡೆಸಿದ ಪಾಂಡುರಂಗ ಮಹಾದೇವ ಬಾಪಟರಿಗೆ ‘ಸೇನಾಪತಿ’ ಎಂಬ ಹೆಸರು ಅಂಟಿದ್ದು ಆ ಹೋರಾಟದಲ್ಲಿ.

ಮೂರನೆಯದು ಟೆಂಟು. ಪವನಾ ದಂಡೆಯಲ್ಲಿ ಸಾಲುಸಾಲಾಗಿ ಹಾಕುತ್ತಾರೆ, ಸುತ್ತ ಲೋಹಗಡ, ವಿಸಾಪುರ, ತುಂಗ, ತಿಕೋನಾ ಕೋಟೆಗಳು. ಸಂಜೆ ನಾಲ್ಕಕ್ಕೆ ಚಹಾ-ಭಜಿ, ರಾತ್ರಿ ಕೆಂಡದ ಮೇಲೆ ಸುಟ್ಟ ಪನೀರು ಅಥವಾ ಕೋಳಿ, ಬೆಳಿಗ್ಗೆ ತಿಂಡಿ ಮುಗಿಸಿ ಹನ್ನೊಂದಕ್ಕೆ ಜಾಗ ಖಾಲಿ, ದರ ತಲೆಗಿಷ್ಟು ಎಂಬುದು ಎಲ್ಲ ಕಡೆ ಒಂದೇ ಪಾಠ. ಗೆಳೆಯರ ಗುಂಪಿಗೆ ಸರಿ. ಅಜ್ಜ-ಅಜ್ಜಿ ಇರುವ ಕುಟುಂಬಕ್ಕೆ, ಅದರಲ್ಲೂ ಶನಿವಾರ ರಾತ್ರಿ, ಸರಿಯಲ್ಲ. ಪಕ್ಕದ ಟೆಂಟಿನವರ ಸ್ಪೀಕರ್ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ. ಎಷ್ಟು ಟೆಂಟಿಗೆ ಎಷ್ಟು ಶೌಚಾಲಯ ಎಂದು ಕೇಳಿದರೆ ಒಳ್ಳೆಯ ಮಾಲೀಕ ತಕ್ಷಣ ಲೆಕ್ಕ ಹೇಳುತ್ತಾನೆ. ತಡವರಿಸಿದರೆ ಬೇರೆ ನೋಡಬೇಕು. ತುಂಬುಮಟ್ಟದ ಗೆರೆಯೊಳಗಿನ ಜಾಗ ಸರ್ಕಾರದ ಸ್ವಾಧೀನದಲ್ಲಿರುತ್ತದೆ. ನೀರಿಗೆ ತೀರ ಅಂಟಿಕೊಂಡ ಟೆಂಟಿಗೆ ಅನುಮತಿ ಇದೆಯೇ ಎಂಬುದೂ ಕೇಳಬೇಕಾದ ಮಾತೇ.

ಉಳಿದದ್ದು ಬಾಡಿಗೆ ಬಂಗಲೆಗಳು ಮತ್ತು ದೊಡ್ಡ ರೆಸಾರ್ಟುಗಳು. ಹತ್ತು-ಹನ್ನೆರಡು ಜನರ ಕೂಡುಕುಟುಂಬಕ್ಕೆ ಲೋಣಾವಳಾ, ಮುಳಶಿ ಕಡೆಯ ಬಂಗಲೆ ತಲಾ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ, ಅಡುಗೆಮನೆಯೂ ಸಿಗುತ್ತದೆ. ಈಜುಕೊಳಕ್ಕೆ ಬೇಲಿ ಇದೆಯೇ, ಕಾವಲಿನವನು ರಾತ್ರಿ ಅಲ್ಲೇ ಇರುತ್ತಾನೆಯೇ ಎಂಬುದು ಮುಖ್ಯ. ‘ಲೇಕ್ ವ್ಯೂ’ ಎಂದರೆ ನೀರು ಕಾಣುತ್ತದೆ ಎಂದಷ್ಟೇ ಅರ್ಥ, ನೀರಿಗೆ ಹೋಗಬಹುದು ಎಂದಲ್ಲ. ಎರಡು ಕಿಲೋಮೀಟರ್ ದೂರದ ಗುಡ್ಡದ ಮೇಲಿನಿಂದ ಕಂಡರೂ ಅದು ಲೇಕ್ ವ್ಯೂ ಕೋಣೆಯೇ.

ಹಿನ್ನೀರಿನಲ್ಲಿ ಈಜುವ ಯೋಚನೆ ಇರುವವರು ಅದನ್ನು ಮನೆಯಲ್ಲೇ ಬಿಟ್ಟು ಹೊರಡುವುದು ವಾಸಿ. ನೀರೊಳಗೆ ಹಳೆಯ ಬಾವಿ, ಕಲ್ಲುಗಣಿ, ಗೋಡೆ, ಮರದ ಬೊಡ್ಡೆಗಳಿರುತ್ತವೆ. ನಾಲ್ಕು ಹೆಜ್ಜೆ ಮೊಣಕಾಲು ಆಳ, ಐದನೆಯದಕ್ಕೆ ನೆಲವೇ ಇಲ್ಲದಂತಾಗಬಹುದು. ಜೀವರಕ್ಷಕರು ಬಹುತೇಕ ಎಲ್ಲೂ ಇರುವುದಿಲ್ಲ. ನೀರಿನ ಮೇಲೆ ಇರಬೇಕೆನ್ನುವವರಿಗೆ ತಾಪೋಳಾ, ಬಾಮಣೋಲಿಯ ದೋಣಿ ಸಂಘಗಳಿವೆ. ಬಾಮಣೋಲಿಯಿಂದ ದೋಣಿಯಲ್ಲಿ ದಾಟಿ ವಾಸೋಟಾ ಕೋಟೆ ಹತ್ತಬಹುದು. ಅದು ಕೊಯ್ನಾ ಅಭಯಾರಣ್ಯದೊಳಗೆ ಇರುವುದರಿಂದ ಅರಣ್ಯ ಇಲಾಖೆಯ ಪರವಾನಗಿ ಬೇಕು, ಮಳೆಗಾಲದಲ್ಲಿ ಪ್ರವೇಶವಿಲ್ಲ. ವಾಸೋಟಾ ಹತ್ತುವವರು ಮಹಾಬಳೇಶ್ವರದಲ್ಲಿ ತಂಗುವುದು ದಡ್ಡತನ. ಬಾಮಣೋಲಿಯಲ್ಲೇ ಮಲಗಿ ಬೆಳಗಿನ ಮೊದಲ ದೋಣಿ ಹಿಡಿಯಬೇಕು. ಹಾಗೆಯೇ ಸೆಪ್ಟೆಂಬರ್‌ನಲ್ಲಿ ಕಾಸ ಪಠಾರದ ಹೂ ನೋಡಲು ಹೋಗುವವರಿಗೂ ಸಾತಾರಾ ಪೇಟೆಗಿಂತ ಬಾಮಣೋಲಿ ಕಡೆಯ ಹಳ್ಳಿಗಳು ಹಿತ. ಪಠಾರಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಟಿಕೆಟ್ ಮೊದಲು, ಕೋಣೆ ಆಮೇಲೆ. ಭಂಡಾರದರಾದಲ್ಲಿ ಮೇ ಕೊನೆ, ಜೂನ್ ಮೊದಲಲ್ಲಿ ಮಿಂಚುಹುಳುಗಳ ಕಾಲ. ಆ ವಾರಾಂತ್ಯಗಳಲ್ಲಿ ಘಾಟಿನ ಕಿರುರಸ್ತೆ ಕಾರುಗಳಿಂದ ಕಟ್ಟಿಹೋಗುತ್ತದೆ, ಹುಳುಗಳಿಗಿಂತ ಹೆಡ್‌ಲೈಟುಗಳೇ ಹೆಚ್ಚು. ವಾರದ ನಡುವೆ ಹೋಗಬಲ್ಲವರು ಮಾತ್ರ ಆಗ ಹೋಗುವುದು ಒಳ್ಳೆಯದು.

ಗುಡ್ಡದ ಹಂಬಲವಿಲ್ಲ, ನೀರಿನ ಬಳಿ ಒಂದು ದಿನ ಸಾಕು ಎನ್ನುವವರಿಗೆ ದೌಂಡದಿಂದ ಸೊಲ್ಲಾಪುರ ಹಾದಿಯಲ್ಲಿ ಭಿಗವಣ ಇದೆ, ಉಜನಿಯ ಹಿನ್ನೀರು, ಚಳಿಗಾಲದಲ್ಲಿ ರಾಜಹಂಸಗಳು. ಅಲ್ಲಿ ರಾತ್ರಿ ತಂಗುವ ಅಗತ್ಯವೂ ಬೀಳುವುದಿಲ್ಲ, ನಸುಕಿನಲ್ಲಿ ಹೋಗಿ ದೋಣಿ ಹತ್ತಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಬೆಟ್ಟವೂ ನೀರೂ ಎರಡೂ ಬೇಕೆನ್ನುವ ದೌಂಡದ ಕುಟುಂಬಕ್ಕೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗಿನ ಎರಡು ರಾತ್ರಿಗೆ ಭಂಡಾರದರಾದ ಶೇಂಡಿ ಮೊದಲ ಆಯ್ಕೆ, ತಾಪೋಳಾ ಎರಡನೆಯದು. ಮೇ ತಿಂಗಳಾದರೆ ಮಹಾಬಳೇಶ್ವರ, ಅದೂ ತಂಪಿಗಾಗಿ. ಒಂದೇ ರಾತ್ರಿಯಾದರೆ ಪಾನಶೇತ. ಯಾವುದಕ್ಕೇ ಆಗಲಿ ಮುಂಗಡ ಕಳಿಸುವ ಮೊದಲು ಮಾಲೀಕರಿಗೆ ಫೋನ್ ಮಾಡಿ, ಇವತ್ತು ಬೆಳಿಗ್ಗೆ ಅಂಗಳದಿಂದ ತೆಗೆದ ನೀರಿನ ಫೋಟೋ ಒಂದನ್ನು ವಾಟ್ಸಾಪಿನಲ್ಲಿ ಕಳಿಸಿ ಎಂದು ಕೇಳಬೇಕು. ಕಳಿಸದವರ ಕೋಣೆ ಬೇಡ.